ಹಲ್ಲಿಗೆ ಸಿಕ್ಕದ ರೀಲು

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಒಂದು ಭಾನುವಾರ
ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ
ನಲವತ್ತು ಸಲ ಒತ್ತಿದೆ.

ಕ್ಯಾಮೆರಾ ಸಕಲೇಶಪುರದ ಮುಚ್ಚಿದ ಸ್ಟುಡಿಯೋ ಒಂದರದ್ದು,
ಜಪಾನಿನದು, ನನಗಿಂತ ಮೂರು ವರ್ಷ ಹಿರಿದು.
ಹಿಂಬಾಗಿಲ ಸ್ಪಂಜು ಬೆಲ್ಲದ ಪಾಕದ ಹಾಗೆ ಅಂಟಂಟು.
ತೂಕ ಮುಕ್ಕಾಲು ಕೇಜಿಗೆ ಚೂರು ಜಾಸ್ತಿ:
ಶುಂಠಿ ತಕ್ಕಡಿಗೆ ಹಾಕಿ ನೋಡಿದ್ದೇವೆ
ಸಣ್ಣಕ್ಕನೂ ನಾನೂ.

ಮೊದಲನೆಯದು ಅವಳದೇ.
"ತಡಿಯವ್ವ" ಎಂದು ಸೆರಗಲ್ಲಿ ಬಾಯೊರೆಸಿ
ಎಲೆಯಡಿಕೆಯನ್ನು ಒಂದು ದವಡೆಗೆ ದೂಡಿ
ಗೋಣಿಯ ಮೇಲೆ ನೆಟ್ಟಗೆ ಕೂತಳು.
ಗಿರಾಕಿ ಬಂದು ಅರ್ಧ ಕೇಜಿ ಕೇಳಿದರೂ
ಕಣ್ಣು ಹೊರಳಿಸಲಿಲ್ಲ.
ಕೆಂಪು ಬಾಯಿ ಇದರಲ್ಲಿ ಕಪ್ಪಗೆ ಬೀಳುತ್ತೆ ಅಂದೆ.
"ಬೀಳ್ಲಿ ಬಿಡು. ಮೊದ್ಲೇ ಹೇಳಿದ್ರೆ
ಮೂಗುಬಟ್ಟು ಹಾಕ್ಕಂಡ್ ಬತ್ತಿದ್ದೆ."

ಆಮೇಲೆ ಆಲೂಗಡ್ಡೆ ಲಾರಿಯಿಂದ ಚೀಲ ಇಳಿಸುವವನ ಬೆನ್ನು.
ಅದಕ್ಕಂಟಿದ ಕೆಮ್ಮಣ್ಣು
ಬೂದಿಯಲ್ಲಿ ಎಷ್ಟನೇ ಮೆಟ್ಟಿಲು ಎಂದು ಲೆಕ್ಕ ಹಾಕುತ್ತ
ಅವನ ಮುಖ ನೋಡುವುದನ್ನು ಮರೆತೆ.
ಆಮೇಲೆ ಮೀನಂಗಡಿಯ ಐಸಿನ ಪಕ್ಕ ಮುದುರಿ ಕೂತ ಬೆಕ್ಕು.
ಟೀ ಗ್ಲಾಸು ತೊಳೆದ ನೀರನ್ನು ಹುಡುಗ ರಸ್ತೆಗೆರಚಿದಾಗ
ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗ.
ಒಂದೇ ಚಿಪ್ಪು ಬಾಳೆಹಣ್ಣಿಗೆ ಚೌಕಾಸಿ ಮಾಡುವ
ಇಬ್ಬರು ಪೊಲೀಸರು.
ಹತ್ತೊಂಬತ್ತನೆಯದು ಏನೋ, ನೆನಪಿಲ್ಲ.

ಎಣಿಕೆಯ ಪುಟ್ಟ ಕಿಂಡಿಯಲ್ಲಿ
ಮುಳ್ಳು ಮೂವತ್ತಾರು ದಾಟಿಯೂ ಓಡುತ್ತಿತ್ತು.
ಅಲ್ಲೇ ಅನುಮಾನ ಬರಬೇಕಿತ್ತು.
ಜಾಸ್ತಿ ಸಿಕ್ಕಿತಲ್ಲ ಎಂದು ಖುಷಿಪಟ್ಟೆ.

ಪೆನ್ಷನ್ ಮೊಹಲ್ಲಾದ ಖಲಂದರ್ ಸಾಬರು
ಈಗ ಮಿಕ್ಸಿ, ಕುಕ್ಕರು ರಿಪೇರಿ ಮಾಡುತ್ತಾರೆ.
ಬಚ್ಚಲಲ್ಲಿ ಮಾತ್ರ ಇನ್ನೂ ಒಂದು ಕೆಂಪು ಬಲ್ಬಿದೆ.
ಕ್ಯಾಮೆರಾ ಕಿವಿಗೆ ಹಿಡಿದು ಸುತ್ತುಗುಂಡಿ ತಿರುಗಿಸಿದರು,
ಎರಡು ಸುತ್ತು.
ಆಮೇಲೆ ಹಾಡಹಗಲಲ್ಲೇ ಹಿಂಬಾಗಿಲು ತೆರೆದುಬಿಟ್ಟರು.
ಬೀದಿಗೆ ಕೇಳುವ ಹಾಗೆ ಚೀರಿದೆ.

"ನಾಲಿಗೆ ಹಲ್ಲಿಗೆ ಸಿಕ್ಕೇ ಇಲ್ಲಮ್ಮ.
ಒಂದೊಂದು ಸಲ ಎಳೆದಾಗಲೂ ಈ ಗುಂಡಿ ಸುತ್ತುತ್ತಾ ನೋಡ್ಬೇಕು.
ನೀವು ಬರೀ ಮುಂದೆ ನೋಡ್ತಾ ಇದ್ರಿ."
ಅವರ ಬಾಯಲ್ಲೂ ಹಲ್ಲು ನಾಲ್ಕೇ.
ಪುಣ್ಯಕ್ಕೆ ರೀಲು ಹೊಸದರ ಹಾಗೇ ಇದೆ, ಮತ್ತೆ ಹಾಕಬಹುದು,
ಆರುನೂರೈವತ್ತು ರೂಪಾಯಿ ಉಳಿಯಿತು ಅಂದ್ಕೊಳ್ಳಿ ಎಂದರು.

ಅಂದ್ಕೊಂಡೆ.
ಆದರೆ ಬೆಳಕು ಬಂದದ್ದು ಸುಳ್ಳಲ್ಲವಲ್ಲ.
ನಲವತ್ತು ಸಲ ಪರದೆ ಸರಿದಿದೆ,
ಸಣ್ಣಕ್ಕ ತಲೆಕೆಳಗಾಗಿ ಒಳಗೆ ಬಂದು ಕೂತಿದ್ದಾಳೆ,
ಅದೇ ನಾಲಿಗೆಯ ತುದಿಯ ಮೇಲೆ
ಬೆಕ್ಕು, ಬೆನ್ನು, ನೀರು, ಪೊಲೀಸರು
ಒಬ್ಬರ ಮೇಲೊಬ್ಬರು ಬಿದ್ದು
ಬರೀ ಕಪ್ಪಾಗಿದ್ದಾರೆ.
ಆ ತುದಿಯನ್ನು ಸಾಬರು ಕತ್ತರಿಸಿ
ಕುಕ್ಕರಿನ ಹಳೆ ರಬ್ಬರಿನ ಜೊತೆ ಬುಟ್ಟಿಗೆಸೆದರು.

ಮುಂದಿನ ಭಾನುವಾರ ಮೀನಂಗಡಿ ಬಳಸಿಕೊಂಡು ಹೋದೆ.
ಆದರೂ ಕಂಡೆ.
"ಬಂತಾ?"
ಮೂಗಿನಲ್ಲಿ ಮೂಗುಬಟ್ಟು, ಬಾಯಿ ತೊಳೆದ ಬಾಯಿ.
ಹೇಳಿರಲಿಲ್ಲ ನಾನು ಬರುತ್ತೇನೆಂದು.
ಕೈ ಅಲ್ಲಾಡಿಬಿಟ್ಟಿತ್ತು, ಇನ್ನೊಂದು ಸಲ, ಅಂದೆ.
"ನನ್ ಕೈಯಾ, ನಿನ್ ಕೈಯಾ?" ಎಂದಳು.

ಕೂತಳು ಅದೇ ಗೋಣಿಯ ಮೇಲೆ.
ಕಣ್ಣು ನನ್ನ ಕಡೆಗೇ.
ನನ್ನ ಕಣ್ಣು ಗುಂಡಿಯ ಕಡೆಗೆ.
ಎಳೆದೆ. ಸುತ್ತಿತು, ಕಾಲು ಸುತ್ತಿನಷ್ಟು.
ತಲೆ ಎತ್ತುವಷ್ಟರಲ್ಲಿ ಅವಳು
ಯಾರಿಗೋ ಕಾಲು ಕೇಜಿ ತೂಗುತ್ತಿದ್ದಳು,
ತಕ್ಕಡಿ ಇನ್ನೂ ನಿಂತಿರಲಿಲ್ಲ.
ಒತ್ತಿದೆ.