ನೆಲದ ಮೇಲಿನವರು

ಸಾಗರ ರಸ್ತೆಯ ಹೊಸ ಕಲ್ಯಾಣಮಂಟಪಕ್ಕೆ
ಈಜಿಪ್ಟಿನ ಅರಮನೆಯೇ ಬೇಕಂತೆ ಮಾಲೀಕರಿಗೆ.
ಫೋನಿನಲ್ಲಿ ತೋರಿಸಿದರು: ಗೋಡೆಯಲ್ಲ, ನೆಲ.
ಗಾರೆಯ ಮೇಲೊಂದು ಕೊಳ, ತಾವರೆ, ಮೀನು,
ಜೊಂಡಿನಿಂದ ಭರ್ರನೆ ಏಳುವ ಬಾತು,
ಪಕ್ಕದಲ್ಲೇ ಸಿಂಹಾಸನದ ತನಕ ಒಂದು ದಾರಿ,
ದಾರಿಯುದ್ದ
ಮೊಣಕೈ ಬೆನ್ನಿಗೆ ಬಿಗಿದ ಜನ.
"ರಾಜ ದಿನಾ ಇವರನ್ನು ತುಳಿದೇ ಹೋಗ್ತಿದ್ನಂತೆ.
ಹಾಗೇ ಬರಲಿ, ಒಬ್ಬರನ್ನೂ ಬಿಡಬೇಡಿ."

ಮೂವತ್ತು ವರ್ಷ ಬೋರ್ಡು ಬರೆದ ಕೈ ನನ್ನದು,
ಹೇಳಿದ್ದು ಬರೆಯುತ್ತದೆ. ಬರೆದೆ.

ಅಂಚಿಗೆ ಚಿತ್ತಾರ ಬರೆಯಲು ಬಂದ ಗುತ್ಯಮ್ಮ,
ಹಸೆಗೋಡೆಗೆ ಯಾರ ಬೆನ್ನು ತಾಗಿದರೂ ಬೈಯುವವಳು,
ಪುಂಡಿನಾರಿನ ಕುಂಚ ಕೊಡವುತ್ತ ಕೇಳಿದಳು:
"ಇವರ ಹೆಸರೆಂತ?"
ಗೊತ್ತಿಲ್ಲ ಎಂದೆ.
"ಬರೆದವನದು?"
ಅದೂ ಗೊತ್ತಿಲ್ಲ.
"ಹಂಗಾರೆ ಅವನೂ ಇಲ್ಲೇ ಎಲ್ಲೋ ಬಿದ್ದಿರ್ತಾನೆ, ನೋಡು."

ಬೆಳಿಗ್ಗೆ ಬಂದರೆ
ನಾನು ಬಿಗಿದ ಹಗ್ಗಗಳಿಗೆಲ್ಲ ಜೊತೆಗೆರೆ, ಅಡ್ಡಗೆರೆ,
ಅಕ್ಕಿಹಿಟ್ಟಿನ ಬಿಳಿಯಲ್ಲಿ.
ಹಗ್ಗ ಏಣಿಯಾಗಿತ್ತು.
ಅವಳು ಮೊದಲ ಬಸ್ಸಿಗೇ ಹೋಗಿದ್ದಳು.
ಮಾಲೀಕರು "ಡಿಸೈನು ಜೋರಾಗಿದೆ" ಎಂದರು,
ಬಗ್ಗಿ ನೋಡಲಿಲ್ಲ.

ಮೊದಲ ಮದುವೆಗೇ ಬಾಗಿಲ ಬಳಿಯ ಬಾತು ಸವೆಯಿತು.
ಊಟದ ಸಾಲು ರಾಜನ ದಾರಿಯ ಮೇಲೇ ನಿಂತಿತು,
ಯಾರ ಕಾಲಡಿ ಯಾರೋ.
ಜರಿ ಅಂಗಿಯ ಹುಡುಗನೊಬ್ಬ ಮಾತ್ರ
ಏಣಿಯಿಂದ ಏಣಿಗೆ ಕುಂಟಾಬಿಲ್ಲೆ ಜಿಗಿದು
ಮಂಟಪ ಮುಟ್ಟಿದ.

ಅರ್ಧ ಕೂಲಿ ಇನ್ನೂ ಬಾಕಿ.
ಕೇಳಲು ವಾರಕ್ಕೊಮ್ಮೆ ಆಫೀಸಿಗೆ ಹೋಗುತ್ತೇನೆ
ಆ ದಾರಿ ಬಿಟ್ಟು,
ಪಕ್ಕದ ಕೊಳದೊಳಗೆ
ಕಾಲಿಟ್ಟುಕೊಂಡು.