ಐದು ನಿಮಿಷದ ಪಂಕ್ತಿ

ಒಮೊತೆನಾಶಿ.
ತಸ್ನೀಮ್ ಮೇಡಂ ಬೋರ್ಡಿನ ಮೇಲೆ ಬರೆದು
ಮೂರು ಸಲ ಹೇಳಿಸಿದರು. ಮೂರನೇ ಸಲಕ್ಕೆ
ಹಿಂದಿನ ಬೆಂಚಿನಿಂದ ‘ಒಮ್ಮೊಮ್ಮೆ ನಾಶ’ ಅಂತ ಕೇಳಿಸಿ
ಕ್ಲಾಸೆಲ್ಲ ನಕ್ಕಿತು. ಮೇಡಮ್ಮೂ.

ಜಪಾನಿನವರ ಅತಿಥಿ ಸತ್ಕಾರ. ವಿಷಯ ಎಲ್ಲರಿಗೂ ಅದೇ,
ಐದು ನಿಮಿಷ, ನಾಲ್ಕು ಸ್ಲೈಡು, ಇಂಗ್ಲಿಷಿನಲ್ಲಿ, ನಿಂತು.
‘ಕೇಳುವವರು ನಿಮ್ಮ ಅತಿಥಿಗಳು.
ಅವರು ಬಾಯಿ ಬಿಟ್ಟು ಕೇಳುವ ಮೊದಲೇ ಕೊಡಬೇಕು.
ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಪೇಪರು ನೋಡಬೇಡಿ.’

ನಮ್ಮಪ್ಪ ಚೆಲುವಯ್ಯ ಬಡಿಸುವವನು.
ಮಂಡ್ಯದ ಯಾವ ಛತ್ರದಲ್ಲಿ ಯಾವ ಕಂಬದ ಹಿಂದೆ
ಎಷ್ಟು ಎಲೆ ಹಿಡಿಯುತ್ತದೆಂದು ಅವನಿಗೆ ಬಾಯಿಪಾಠ.
ಬಲಗೈ ಸೌಟಿನದು. ಎಡಭುಜ ಬಕೆಟ್ಟಿನ ತೂಕಕ್ಕೆ
ಒಂದು ಬೆರಳಷ್ಟು ಇಳಿದಿದೆ;
ಅಂಗಿ ಹೊಲಿಸಲು ಹೋದಾಗಲೆಲ್ಲ ಟೈಲರು ಎರಡು ಸಲ ಅಳೆಯುತ್ತಾನೆ.

ರಾತ್ರಿ ಅವನೆದುರು ನಿಂತು ಹೇಳಿದೆ,
ಗುಡ್ ಮಾರ್ನಿಂಗಿನಿಂದ ಥ್ಯಾಂಕ್ ಯೂವರೆಗೆ.
ಒಂದಕ್ಷರ ತಿಳಿಯದವನು ಮೊಣಕಾಲು ನೀವಿಕೊಳ್ಳುತ್ತ ಕೇಳಿದ.
‘ಓಡ್ತಾ ಇದ್ದೀಯ ಕಣವ್ವ.
ಸಾರೆಲ್ಲಾನೂ ಮೊದಲ್ನೇ ಎಲೆಗೇ ಸುರುದ್ಬುಟ್ಟೆ.
ಕೊನೇಲಿ ಕುಂತೋರು ಬರೀ ಅನ್ನ ನೋಡ್ಕಂಡು ಕುಂತವ್ರೆ.’

ಕಣ್ಣಲ್ಲಿ ಕಣ್ಣಿಡಬೇಕಂತೆ ಅಪ್ಪ, ಅಂದೆ.
‘ಉಣ್ಣೋರ ಮುಖ ನೋಡ್ಬಾರ್ದು, ಮುದುರ್ಕತಾರೆ.
ಎಲೆ ನೋಡು. ಎಲೆ ಹೇಳ್ತದೆ.’
ಸ್ವಲ್ಪ ಹೊತ್ತು ಬಿಟ್ಟು, ‘ಸಾಕಾ ಅಂತ ಯಾವತ್ತೂ ಕೇಳ್ಬೇಡ.
ಹಸ್ದೋನೂ ಸಾಕು ಅಂದ್ಬುಡ್ತಾನೆ, ನಾಚ್ಕಂಡು.’

ಮೂರನೇ ಸ್ಲೈಡಿನಲ್ಲಿ ಒಂದು ಚಿತ್ರವಿತ್ತು:
ಅತಿಥಿ ಒಳಗೆ ಕೂತಿರುವಾಗ ಮನೆಯಾಕೆ ಬಗ್ಗಿ
ಅವರ ಚಪ್ಪಲಿಯ ಮೂತಿಯನ್ನು ಬೀದಿಯ ಕಡೆ ತಿರುಗಿಸಿಡುವುದು,
ಹೊರಡುವಾಗ ತಡಕಾಡದಿರಲೆಂದು.
ಅಪ್ಪನಿಗೆ ಇದೊಂದು ಒಪ್ಪಲಿಲ್ಲ.
‘ಬಂದೋರ ಜೋಡು ತಿರುಗ್ಸೋದಾ? ಏಳು, ಎದ್ದೋಗು ಅಂದಂಗಲ್ವ?’
ಅವರಲ್ಲಿ ಹಾಗಲ್ಲ ಅಂತ ವಿವರಿಸುವಷ್ಟು ಕನ್ನಡ
ನನಗೂ ಅವತ್ತು ಸಾಲಲಿಲ್ಲ.

ಶುಕ್ರವಾರ. ನನ್ನದು ಒಂಬತ್ತನೇ ಸರದಿ.
ಪ್ರೊಜೆಕ್ಟರಿನ ಬೆಳಕು ಹಣೆಗೆ ಬಡಿಯುತ್ತಿತ್ತು.
ಹಾಸ್ಪಿಟಾಲಿಟಿ ಅನ್ನಲು ಹೋಗಿ ಹಾಸ್ಪಿಟಲ್ ಅಂದೆ,
ಜಪಾನಿನವರೆಲ್ಲ ಆಸ್ಪತ್ರೆ ಸೇರಿದರು.
ನಗು ಮುಗಿಯುವವರೆಗೆ ನಿಂತೆ. ಓಡಲಿಲ್ಲ.
ಕಣ್ಣುಗಳನ್ನು ಬಿಟ್ಟು ಕೈಗಳನ್ನು ನೋಡಿದೆ,
ಎಲೆ ಅಂದರೆ ಇದೇ ಇರಬೇಕು:
ಬಳೆ ತಿರುಗಿಸುವ ಕೈ, ಡೆಸ್ಕಿನ ಕೆಳಗೆ ಮೊಬೈಲಿನ ಕೈ,
ಕೊನೆಯ ಬೆಂಚಿನಲ್ಲಿ ಕೀಲಾರದ ಸೌಭಾಗ್ಯ
ಪೆನ್ನಿಗೆ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡ ಕೈ.
ಆ ಕೈಗೆ ಎರಡನೇ ಸ್ಲೈಡನ್ನು ಮತ್ತೆ ಹೇಳಿದೆ,
ನಿಧಾನ, ಸಣ್ಣ ಸಣ್ಣ ವಾಕ್ಯ, ತುತ್ತಿನಷ್ಟು.
ಮುಚ್ಚಳ ತೆಗೆದಳು.

ನನಗಿಂತ ಮುಂಚಿನ ಎಂಟು ಜನವೂ
ಎನಿ ಕ್ವೆಶ್ಚನ್ಸ್ ಅಂದು ಮುಗಿಸಿದ್ದರು,
ಯಾರೂ ಏನೂ ಕೇಳಿರಲಿಲ್ಲ.
ನನ್ನ ಬಾಯಿಗೆ ಅಪ್ಪನ ಸೌಟು ಬಂತು:
ಲಿಟಲ್ ಮೋರ್?
ಮೇಡಂ ಅದಕ್ಕೊಂದು ಅಂಕ ಕಳೆದರು,
ಮೊದಲಿಗೊಂದು ‘ಎ’ ಬಿಟ್ಟುಹೋಗಿದೆಯಂತೆ.
ಸೌಭಾಗ್ಯ ಮಾತ್ರ ಕೈ ಎತ್ತಿ, ಎಸ್, ಅಂದಳು.

ಸಂಜೆ ಅಪ್ಪ ಹೊರಟಿದ್ದ. ಮದ್ದೂರಿನಲ್ಲಿ ಆರತಕ್ಷತೆ,
ಆರುನೂರು ಎಲೆ. ಹೊಸಿಲಲ್ಲಿ ನಿಂತು ಕೆಳಗೆ ನೋಡಿದ.
ಜೋಡು ಬೀದಿಗೆ ಮುಖ ಮಾಡಿದ್ದವು, ಪಕ್ಕಪಕ್ಕ.
‘ಏನವ್ವಾ, ಓಡುಸ್ತಾ ಇದ್ದೀಯಾ?’
‘ಇಲ್ಲಪ್ಪ. ಜಪಾನು.’
ಬಗ್ಗದೆ, ತಡಕಾಡದೆ, ಕಾಲು ತೂರಿಸಿದ.
ಎರಡು ಹೆಜ್ಜೆ ಹೋದವನು ನಿಂತ. ತಿರುಗಿದ.
‘ಬತ್ತೀನಿ.’