ಉಗುರಿಗೊಂದು ಬಾಗಿಲು

ಶಿನ್ಚುವಿನ ಗಾಳಿ ನಾಲ್ಕನೇ ಮಹಡಿಯ ಕಿಟಕಿ ಅಲುಗಿಸುತ್ತಿತ್ತು.
ನಾನು ಪರದೆಯ ಮೇಲೊಂದು ಇಯರ್‌ಬಡ್ ಬರೆಯುತ್ತಿದ್ದೆ:
ನಾಲ್ಕು ಗ್ರಾಂ ತೂಕ, ಒಳಗೆ ಕಡಲೆಕಾಳಿನಷ್ಟು ಬ್ಯಾಟರಿ,
ಸುತ್ತ ಅಂಟು.
ಅಂಟು ಅಗ್ಗ, ನೀರಿಗೆ ಬೇಲಿ.
ಎರಡು ವರ್ಷಕ್ಕೆ ಕಾಳು ಸಾಯುತ್ತದೆ,
ಆಮೇಲೆ ಹೊಸದು ಕೊಳ್ಳಿ.

ಶನಿವಾರ ರೈಲು ಹತ್ತಿ ತೈನಾನಿಗೆ ಹೋದೆ, ಜೇಬಲ್ಲಿ ಮಾದರಿ.
ಅಜ್ಜಿ, ನಮ್ಮ ಅಮಾ, ಹೊಸಿಲಲ್ಲಿ ಕೂತು
ಸಿಂಗಾಡ ಸುಲಿಯುತ್ತಿದ್ದಳು;
ಕೊಂಬಿನ ಕರೀ ಕಾಯಿ, ಬಾವಲಿಯ ತಲೆಯಂಥದು.
ಆ ಬೆರಳುಗಳು
ಅರ್ರೆನ್ ನದಿಯ ದಂಡೆಯಲ್ಲಿ ಹದಿನಾಲ್ಕು ವರ್ಷ
ಯಾವ್ಯಾವುದೋ ದೇಶದ ತಂತಿ ಸುಟ್ಟು ತಾಮ್ರ ತೆಗೆದವು,
ಹಸಿರು ಹಲಗೆಗಳನ್ನು ಆಸಿಡ್ಡಿನಲ್ಲಿ ಅದ್ದಿ
ಚಿನ್ನ ತೊಳೆದವು, ಯಾರದೋ ಚಿನ್ನ.
ಸಿಂಪಿಗಳು ಹಸಿರಾದ ವರ್ಷವೂ ಅವಳು ಅಲ್ಲೇ ಇದ್ದಳು.
ಈಗ ಹೆಬ್ಬೆರಳಲ್ಲಿ ಗೆರೆಗಳಿಲ್ಲ;
ಬ್ಯಾಂಕಿನ ಯಂತ್ರ ಅವಳನ್ನು ಗುರುತಿಸುವುದಿಲ್ಲ.

"ಬಿಚ್ಚು ನೋಡೋಣ" ಅಂದೆ.
ತಿರುಗಿಸಿದಳು. ಒತ್ತಿದಳು. ಕಿವಿಯ ಹತ್ತಿರ ಅಲ್ಲಾಡಿಸಿದಳು,
ಮೊಟ್ಟೆ ಕೆಟ್ಟಿದೆಯೇ ನೋಡುವ ಹಾಗೆ.
"ಉಗುರಿಗೆ ಬಾಗಿಲೆಲ್ಲಿ ಇದರಲ್ಲಿ?"
"ಇಲ್ಲ ಅಮಾ."
"ಮತ್ತೆ ಒಳಗಿದ್ದವನು ಸತ್ತರೆ ಹೆಣ ಹೇಗೆ ಎತ್ತುತ್ತೀರಿ?"
ಉತ್ತರಕ್ಕೆ ಕಾಯದೆ ಸಿಂಗಾಡದ ಚಾಕು ತಗೊಂಡಳು.
ಚಾಕು ಜಾರಿತು,
ಚುರ್ ಎಂದು ಒಂದೆಳೆ ಹೊಗೆ.
ಹೂಕುಂಡದ ಮಣ್ಣಿಗೆ ಎಸೆದು, ಮೂಗು ಮೇಲೆತ್ತಿ
"ಅದೇ ವಾಸನೆ" ಅಂದಳು, ಅಷ್ಟೇ.
ನಲವತ್ತು ವರ್ಷದ ಹಿಂದಿನ ನದಿ
ಎರಡು ಗಳಿಗೆ ಅಂಗಳಕ್ಕೆ ಬಂದು ಹೋಯಿತು.

ಕಟ್ಟುವವರಿಗೆ ಬಿಚ್ಚುವವರು ಕಾಣುವುದಿಲ್ಲ.
ನನ್ನ ನಕ್ಷೆಯ ಕೊನೆಯ ಹಾಳೆಯಲ್ಲಿ
ಪೆಟ್ಟಿಗೆ, ರಿಬ್ಬನ್ನು, ನಗುವ ಗಿರಾಕಿ.
ಅದರಾಚೆಗೆ ಹಾಳೆಯೇ ಇರಲಿಲ್ಲ.

ಸೋಮವಾರ ಒಂದು ಹಾಳೆ ಸೇರಿಸಿದೆ.
ಅಂಟು ಅಳಿಸಿ ರಬ್ಬರಿನ ಉಂಗುರ, ಎರಡು ಕೊಕ್ಕೆ;
ಪಕ್ಕದಲ್ಲಿ, ಅಮಾಳ ಉಗುರು ಅಳೆದು, ಒಂದು ಸೀಳು.
ಪ್ಲಾಸ್ಟಿಕ್ಕು ಒಂದೇ ಜಾತಿಯದು, ಬಣ್ಣ ಬಳಿಯದ್ದು,
ಕರಗಿಸಿದರೆ ಮತ್ತೆ ತಾನೇ ಆಗುವಂಥದು.
ಶೌ ಸಾಹೇಬರು ಸೀಳಿನ ಮೇಲೆ ಪೆನ್ನಿಟ್ಟು
"ಬಿರುಕು ಬಿಟ್ಟ ಹಾಗೆ ಕಾಣುತ್ತೆ" ಅಂದರು.
"ಒಂದಕ್ಕೆ ಮೂರೂವರೆ ಡಾಲರು ದಂಡ", ಲೆಕ್ಕದವರು.
"ಅಷ್ಟಕ್ಕೂ ಜನ ಯಾಕೆ ಬಿಚ್ಚುತ್ತಾರೆ?" ಇನ್ಯಾರೋ.
ನನಗೆ ಭಾಷಣ ಬರುವುದಿಲ್ಲ.
ಅಂಟಿಯೂ ಅಂಟದ ಹಾಗೆ ಇರಬೇಕಂತೆ ಬದುಕು;
ಬದುಕಿನ ಮಾತು ಗೊತ್ತಿಲ್ಲ,
ಬ್ಯಾಟರಿ ಇರಬಹುದು ಅಂದೆ.
ಒಬ್ಬರೂ ನಗಲಿಲ್ಲ. ಏಸಿಯ ಸದ್ದು ಕೇಳಿಸಿತು.

ಕೊನೆಗೆ ಸೀಳು ಕೆಳಗೆ ಸರಿಯಿತು, ಕಣ್ಣಿಗೆ ಬೀಳದಂತೆ.
ಕಿವಿಯದಕ್ಕೆ ಅಂಟು ತಪ್ಪಿತು, ಡಬ್ಬಿಗೆ ಉಳಿಯಿತು,
ಮುಂದಿನ ವರ್ಷ ನೋಡೋಣವಂತೆ.
ಆ ಡಬ್ಬಿಯನ್ನು ಯಾವ ದಂಡೆಯಲ್ಲಿ
ಯಾರ ಹೆಬ್ಬೆರಳು ಸೀಳಲಿದೆಯೋ.

ಹೊಸ ಮಾದರಿ ಅಮಾಳ ಹತ್ತಿರ ಇದೆ.
ಟೀವಿ ನೋಡುತ್ತ ಟಕ್ಕೆಂದು ತೆಗೆಯುತ್ತಾಳೆ, ಟಕ್ಕೆಂದು ಹಾಕುತ್ತಾಳೆ.
ಹಾಡು ಕೇಳಲು ಒಮ್ಮೆಯೂ ಕಿವಿಗಿಟ್ಟವಳಲ್ಲ.
ಮೊನ್ನೆ ಫೋನು ಮಾಡಿದಳು:
ಬ್ಯಾಟರಿ ಸೋಫಾದ ಸಂದಿಗೆ ಬಿತ್ತಂತೆ.
ಈ ಸೋಫಾ ಮಾಡಿದವರು ಯಾರು,
ಇದಕ್ಕೆ ಬಾಗಿಲೆಲ್ಲಿ, ಅಂತ ಬೈಯುತ್ತಿದ್ದಳು.